ಗಜಲಹಟ್ಟಿ ದಾರಿ: ಮೋಯಾರ್ ಕಣಿವೆಯ ಕಾಲುಹಾದಿಗಳು
(ಜಾತ್ರಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಜಾತ್ರೆಗೆ ಬಂದವರಲ್ಲಿ ಸತ್ಯಮಂಗಲದ ಕಡೆಯವರು ದಿಂಬಂ ಘಾಟಿಯ 27 ತಿರುವು ಹತ್ತಿ ಬಂದಿದ್ದಾರೆ. ಚಾಮರಾಜನಗರದ ಕಡೆಯವರು ಬಸ್ಸಿನಲ್ಲಿ, ಕಾರಿನಲ್ಲಿ ಬಂದಿದ್ದಾರೆ. ಹೊತ್ತು ಹುಟ್ಟಿದ ಮೇಲೆ ಹೊರಟವರೂ ಮಂಗಳಾರತಿಗೆ ಸರಿಯಾಗಿ ತಲುಪಿದ್ದಾರೆ. ಸಂತೋಷ. ಆದರೆ ತಾಳವಾಡಿ ಸೀಮೆಯ ಹಿಂದಿನವರಿಗೆ ಕೆಳನಾಡಿಗೆ ಇಳಿಯಲು ಇನ್ನೊಂದು ದಾರಿಯಿತ್ತು. ತಲಮಲೆಯ ಕಡೆಯಿಂದ ಕಾಡಿನೊಳಗೆ ಇಳಿದು, ಮೋಯಾರ್ ಹೊಳೆ ದಾಟಿ, ದಣಾಯಕನಕೋಟೆಗೆ ಮುಟ್ಟುವ ದಾರಿ ಅದು. ಅದರ ಹೆಸರು ಗಜಲಹಟ್ಟಿ ದಾರಿ. ಇಂದು ಈ ಹೆಸರು ಹೇಳಿದರೆ ಶಾಲೆಯ ಮಕ್ಕಳು ಎಲ್ಲಿದೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ನಾಲ್ಕು ಮಾತಿನ ಉದ್ದೇಶ.

ಮೊದಲು ಹೊಳೆಯ ವಿಚಾರ. ನೀಲಗಿರಿಯ ಮುಕುರ್ತಿ ಶಿಖರದ ಬಳಿ ಪೈಕಾರ ಹೊಳೆ ಹುಟ್ಟುತ್ತದೆ. ಅದು ಬೆಟ್ಟ ಇಳಿದು ಬಂದ ಮೇಲೆ ಮೋಯಾರ್ ಎನಿಸಿಕೊಳ್ಳುತ್ತದೆ. ಮಸಣಿಗುಡಿಯ ಆಚೆ ಅದು ಬಂಡೆ ಕೊರೆದು ಸುಮಾರು 20 ಕಿಲೋಮೀಟರ್ ಉದ್ದದ ಆಳವಾದ ಕಮರಿಯಲ್ಲಿ ಹರಿಯುತ್ತದೆ. ಇಂಗ್ಲಿಷರು ಇದನ್ನು 'ಮೈಸೂರು ಡಿಚ್' ಎಂದು ಕರೆದರು. ಬಂಡೀಪುರದ ಕಾಡು ಒಂದು ದಡ, ಮುದುಮಲೆಯ ಕಾಡು ಇನ್ನೊಂದು ದಡ. ಅಲ್ಲಿಂದ ಕಣಿವೆ ಅಗಲವಾಗುತ್ತದೆ. ಬಡಗಣ ದಿಕ್ಕಿಗೆ ತಾಳವಾಡಿಯ ಮೇಲ್ನೆಲ, ತೆಂಕಣಕ್ಕೆ ನೀಲಗಿರಿಯ ಗೋಡೆ, ನಡುವೆ ಹೊಳೆ. ಕೊನೆಗೆ ಅದು ಭವಾನಿಯನ್ನು ಸೇರುತ್ತದೆ, ಭವಾನಿಯು ಕಾವೇರಿಯನ್ನು ಸೇರುತ್ತದೆ. ಎಲ್ಲಿ ಹೊಳೆ ಬೆಟ್ಟವನ್ನು ಸೀಳುತ್ತದೆಯೋ ಅಲ್ಲಿ ಮನುಷ್ಯನಿಗೂ ದಾರಿ ಸಿಗುತ್ತದೆ. ಆನೆಗೂ ಅದೇ ದಾರಿ. ಪಶ್ಚಿಮ ಘಟ್ಟದ ಕಾಡಿನಿಂದ ಪೂರ್ವ ಘಟ್ಟದ ಕಾಡಿಗೆ ಆನೆಗಳು ಹೋಗಿಬರುವುದು ಈ ಕಣಿವೆಯಿಂದಲೇ.

ಈ ದಾರಿಯ ಇತಿಹಾಸ ಸಣ್ಣದಲ್ಲ. ಚಾಮರಾಜನಗರದಲ್ಲಿರುವ 1117ರ ಶಾಸನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಪರಾಕ್ರಮ ಹೇಳುವಾಗ ತೋದವರ ಹೆಸರೂ ನೀಲಗಿರಿಯ ಹೆಸರೂ ಬಂದಿವೆ. ಅಂದರೆ 900 ವರ್ಷಗಳ ಹಿಂದೆಯೇ ಮೇಲ್ನೆಲದ ಕನ್ನಡ ಸೈನ್ಯ ನೀಲಗಿರಿಯ ಕಡೆಗೆ ನಡೆದಿತ್ತು. ಮುಂದೆ ಹೊಯ್ಸಳರ ಮಂತ್ರಿಯಾಗಿದ್ದ ಪೆರುಮಾಳ ದಂಡನಾಯಕನೂ ಅವನ ಮಗ ಮಾಧವ ದಂಡನಾಯಕನೂ ತೆರಕಣಾಂಬಿಯ ಸೀಮೆಯನ್ನು ಆಳಿದರು. ನೀಲಗಿರಿಯನ್ನು ಗೆದ್ದವರೆಂಬ ಬಿರುದು ಈ ಮನೆತನಕ್ಕೆ ಇತ್ತು. ಮೋಯಾರ್ ಮತ್ತು ಭವಾನಿ ಕೂಡುವ ಕಡೆಯಲ್ಲಿದ್ದ ಕೋಟೆಗೆ ದಣಾಯಕನಕೋಟೆ ಎಂಬ ಹೆಸರು ನಿಂತದ್ದು ಈ ದಂಡನಾಯಕರಿಂದ. ದಂಡನಾಯಕ ಎಂಬ ಮಾತು ಜನರ ಬಾಯಲ್ಲಿ ಸವೆದು ದಣಾಯಕ ಆಯಿತು. ಊರು ತಮಿಳುನಾಡಿನಲ್ಲಿದೆ, ಹೆಸರು ಇಂದಿಗೂ ಆ ಹಳೆಯ ಕಥೆಯನ್ನೇ ಹೇಳುತ್ತದೆ.

ಆಮೇಲೆ ಮೈಸೂರಿನ ಕಾಲ ಬಂತು. ಶ್ರೀರಂಗಪಟ್ಟಣಕ್ಕೂ ಕೊಯಮತ್ತೂರಿಗೂ ನಡುವೆ ಗಜಲಹಟ್ಟಿ ಕಣಿವೆಯೇ ಬಾಗಿಲು. ಹೈದರಾಲಿಯ ಕಾಲದಲ್ಲಿಯೂ ಇಲ್ಲಿ ಸೈನ್ಯ ಇಳಿದದ್ದುಂಟು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಕುದುರೆ, ಫಿರಂಗಿಗಳ ಸಮೇತ ಇದೇ ಕಣಿವೆ ಇಳಿದು ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದನು. ಸೆಪ್ಟೆಂಬರ್ 13ರಂದು ಭವಾನಿಯ ದಡದಲ್ಲಿ ಯುದ್ಧವಾಗಿ, ಇಂಗ್ಲಿಷರು ಹಿಂದಕ್ಕೆ ಸರಿಯಬೇಕಾಯಿತು. ಫಿರಂಗಿ ಎಳೆಯುವ ಎತ್ತುಗಳು ಆ ಇಳಿಜಾರಿನಲ್ಲಿ ಹೇಗೆ ಇಳಿದಿರಬೇಕೆಂದು ಗಾಡಿ ಹೊಡೆದ ಹಿರಿಯರು ಊಹಿಸಿಕೊಳ್ಳಬಲ್ಲರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಕೈಗೆ ಹೋಯಿತು. ಮರುವರ್ಷ 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ದೇಶದ ಸ್ಥಿತಿಗತಿ ಬರೆದುಕೊಳ್ಳುತ್ತ ದಣಾಯಕನಕೋಟೆಗೆ ಬಂದು, ಅಲ್ಲಿಂದ ನೀಲಗಿರಿಯ ಅರಕೋಡಿನವರೆಗೆ ಹತ್ತಿದನು. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು.

ಸಭಿಕರೇ, ಇಂದು ಆ ದಣಾಯಕನಕೋಟೆಯನ್ನು ನೋಡಲು ಹೋದವರಿಗೆ ಕಾಣುವುದು ನೀರು. 1948ರಲ್ಲಿ ಶುರುವಾಗಿ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟೆಯ ಹಿನ್ನೀರಿನಲ್ಲಿ ಕೋಟೆ ಮುಳುಗಿದೆ. ಮಾಧವರಾಯ ಪೆರುಮಾಳ್ ದೇವಸ್ಥಾನವೂ ಮುಳುಗಿದೆ. ಮಳೆ ಕೈಕೊಟ್ಟು ಜಲಾಶಯ ಬಹಳ ಇಳಿದ ವರ್ಷಗಳಲ್ಲಿ ಆ ದೇವಸ್ಥಾನದ ಕಲ್ಲಿನ ಮಂಟಪ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ತಂಡತಂಡವಾಗಿ ಹೋಗಿ ನೋಡಿ ಕೈಮುಗಿದು ಬರುತ್ತಾರೆ. ಆ ನೀರಿನಿಂದ ಕೆಳನಾಡಿನ ಸಾವಿರಾರು ಎಕರೆ ಗದ್ದೆ ಹಸಿರಾಯಿತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಗಜಲಹಟ್ಟಿ ದಾರಿ ಹೋಗಿ ಮುಟ್ಟುತ್ತಿದ್ದ ಊರೇ ನೀರಿನೊಳಗೆ ಹೋದ ಮೇಲೆ ದಾರಿಗೂ ಕೆಲಸವಿಲ್ಲದಂತಾಯಿತು.

ದಾರಿಗೆ ಎರಡನೆಯ ಪೆಟ್ಟು ಭಯದಿಂದ ಬಿತ್ತು. ವೀರಪ್ಪನ್ ಇದ್ದ ವರ್ಷಗಳಲ್ಲಿ ಈ ಕಾಡಿಗೆ ಕಾಲಿಡಲು ಜನ ಹೆದರಿದರು. ಸೌದೆಗೆ, ಜೇನಿಗೆ ಹೋಗುವವರನ್ನೂ ಎರಡು ಕಡೆಯವರು ಅನುಮಾನದಿಂದ ನೋಡುತ್ತಿದ್ದ ಕಾಲ. 2000ದ ಜುಲೈ 30ರಂದು ಇದೇ ತಾಳವಾಡಿಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. 108 ದಿನ ಕಾಡಿನಲ್ಲಿದ್ದು ನವೆಂಬರ್ 15ರಂದು ಅವರು ಬಿಡುಗಡೆಯಾದರು. 2004ರಲ್ಲಿ ಆ ಅಧ್ಯಾಯ ಮುಗಿಯಿತು. ಅಷ್ಟರೊಳಗೆ ಒಂದು ತಲೆಮಾರು ಕಾಲುಹಾದಿಯನ್ನು ತುಳಿಯದೆ ಬೆಳೆದಿತ್ತು.

ಮೂರನೆಯದು ಕಾನೂನು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ 1,400 ಚದರ ಕಿಲೋಮೀಟರ್‌ಗೂ ಹೆಚ್ಚು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ನಡೆಯುವಂತಿಲ್ಲ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಿಂದ ಬಣ್ಣಾರಿ-ದಿಂಬಂ ರಸ್ತೆಯಲ್ಲಿ ರಾತ್ರಿ ವಾಹನ ಸಂಚಾರಕ್ಕೂ ನಿರ್ಬಂಧ ಬಂತು. ಆಗ ತಾಳವಾಡಿಯ ರೈತರು, ಅಂಗಡಿಯವರು, ಲಾರಿಯವರು ಬೇಸರಪಟ್ಟರು. ತರಕಾರಿ ಮಾರ್ಕೆಟ್ಟಿಗೆ ಹೊತ್ತಿಗೆ ಮುಟ್ಟದಿದ್ದರೆ ನಷ್ಟ ಬೆಳೆದವನದೇ. ಆ ಬೇಸರ ನ್ಯಾಯವಾದದ್ದು. ಹಾಗೆಯೇ ರಾತ್ರಿ ಘಾಟಿಯಲ್ಲಿ ಗಾಡಿಗೆ ಸಿಕ್ಕಿ ಸಾಯುವ ಚಿರತೆ, ಜಿಂಕೆಗಳಿಗೆ ಅರ್ಜಿ ಬರೆಯಲು ಬರುವುದಿಲ್ಲ ಎಂಬುದೂ ನಿಜ.

ಕಾಡು ಮುಚ್ಚಿದ್ದರಿಂದ ಉಳಿದದ್ದು ಏನೆಂದು ತಿಳಿಯಲು ರಣಹದ್ದನ್ನು ನೋಡಬೇಕು. ಜಾನುವಾರಿಗೆ ಕೊಡುತ್ತಿದ್ದ ಡಿಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ದೇಶದ ತುಂಬ ರಣಹದ್ದುಗಳು ನಾಶವಾದವು. ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಸರ್ಕಾರ ಜಾನುವಾರಿಗೆ ಅದನ್ನು ನಿಷೇಧಿಸಿತು. ದಕ್ಷಿಣ ಭಾರತದಲ್ಲಿ ರಣಹದ್ದು ಇಂದಿಗೂ ಹೆಚ್ಚಾಗಿ ಗೂಡು ಕಟ್ಟುವ ಜಾಗ ಈ ಮೋಯಾರ್ ಕಣಿವೆ. ರಾಮಾಯಣದ ಜಟಾಯುವಿಗೆ ಕೈಮುಗಿಯುವವರು ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು.

ಇನ್ನು ಕಣಿವೆಯೊಳಗೇ ಇರುವ ಜನ. 1948ರಲ್ಲಿ ಆಹಾರದ ಕೊರತೆಯ ಕಾಲದಲ್ಲಿ ಸಹಕಾರ ಸಂಘದ ಮೂಲಕ ನೆಲೆಗೊಂಡ ತೆಂಗುಮರಹಡ ಎಂಬ ಊರು ಅಲ್ಲಿದೆ. ಕೋತಗಿರಿ ಕಡೆಯ ಬಡಗರೂ ಇರುಳರೂ ಅಲ್ಲಿ ಬೇಸಾಯ ಮಾಡಿದರು. ಜಿಲ್ಲೆ ನೀಲಗಿರಿ, ದಾರಿ ಮಾತ್ರ ಭವಾನಿಸಾಗರದಿಂದ ಕಾಡಿನ ಮೂಲಕ. ಕಡೆಗೆ ಮೋಯಾರ್ ಹೊಳೆಯನ್ನು ಹರಿಗೋಲಿನಲ್ಲಿ ದಾಟಬೇಕು. ಹೊಳೆ ತುಂಬಿ ಬಂದರೆ ಬಸುರಿಯೂ ರೋಗಿಯೂ ಈ ದಡದಲ್ಲಿಯೇ ಕಾಯಬೇಕು. ಆ ಊರಿನ ಕುಟುಂಬಗಳನ್ನು ಪರಿಹಾರ ಕೊಟ್ಟು ಹೊರಗೆ ನೆಲೆಗೊಳಿಸುವ ವಿಷಯ ನ್ಯಾಯಾಲಯದವರೆಗೂ ಹೋಯಿತು. ಊರು ಎದ್ದರೆ ಹುಲಿಗೆ ನೆಮ್ಮದಿ, ಜನರಿಗೆ ಆಸ್ಪತ್ರೆ, ಶಾಲೆ ಹತ್ತಿರ. ಆದರೆ ಯಾವ ಮಡುವಿಗೆ ಯಾವ ಹೆಸರು, ಯಾವ ಕಲ್ಲಿನ ಬಳಿ ಹೊಳೆ ದಾಟಬಹುದು ಎಂದು ಬಲ್ಲವರೂ ಅವರೊಂದಿಗೇ ಎದ್ದು ಹೋಗುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ದಾರಿಯನ್ನು ತೆರೆಯಿರಿ ಎಂದು ಗಲಾಟೆ ಮಾಡುವುದು ಇಂದಿನ ಮಾತಿನ ಅರ್ಥವಲ್ಲ. ಕಾಡು ಮೃಗಗಳ ಮನೆ. ಅನುಮತಿ ಇಲ್ಲದೆ, ಹುಡುಗಾಟಕ್ಕೆ ಯಾರೂ ಒಳಗೆ ಹೋಗಬಾರದು. ಪಂಗುನಿಯ ಕುಂಡಕ್ಕೆ ಬಣ್ಣಾರಿ ಅಮ್ಮನ ಸನ್ನಿಧಿಗೆ ಹೋಗುವ ಭಕ್ತರು ಹಗಲಿನಲ್ಲಿ, ಗುಂಪಾಗಿ ಹೋಗಬೇಕು. ಘಾಟಿಯಲ್ಲಿ ಗಾಡಿ ನಿಲ್ಲಿಸಿ ಕೋತಿಗೆ ತಿಂಡಿ ಎಸೆಯಬಾರದು. ಪ್ಲಾಸ್ಟಿಕ್ ಚೀಲ ಎಸೆಯಬಾರದು. ಬೇಸಿಗೆಯಲ್ಲಿ ಬೀಡಿಯ ಒಂದು ಕಿಡಿ ಸಾಕು, ಬೆಟ್ಟವೇ ಉರಿಯುತ್ತದೆ.

ಮಾಡಬಹುದಾದ ಇನ್ನೊಂದು ಕೆಲಸವಿದೆ, ಅದಕ್ಕೆ ಯಾರ ಅನುಮತಿಯೂ ಬೇಡ. ತಲಮಲೆ, ದಿಂಬಂ, ಹಾಸನೂರು, ತಾಳವಾಡಿಗಳಲ್ಲಿ ಎಂಬತ್ತು ದಾಟಿದ ಅಜ್ಜಂದಿರೂ ಅಜ್ಜಿಯರೂ ಇನ್ನೂ ಇದ್ದಾರೆ. ಊರಾಳಿಗಳಲ್ಲಿ, ಸೋಲಿಗರಲ್ಲಿ ಕಾಡಿನ ಒಂದೊಂದು ತಿರುವನ್ನೂ ಬಲ್ಲವರಿದ್ದಾರೆ. ಮಕ್ಕಳು ರಜೆಯಲ್ಲಿ ಒಂದು ನೋಟ್ ಪುಸ್ತಕ ಹಿಡಿದು ಅವರ ಮುಂದೆ ಕುಳಿತುಕೊಳ್ಳಲಿ. ಯಾವ ಹಳ್ಳ, ಯಾವ ಕಟ್ಟೆ, ಎತ್ತು ಇಳಿಸುತ್ತಿದ್ದ ಮರ ಯಾವುದು, ಕಾಡಿನೊಳಗಿನ ದೇವರಕಲ್ಲು ಎಲ್ಲಿ, ಅದಕ್ಕೆ ಯಾರು ಪೂಜೆ ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲಿ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟ ಬಾಕಿಯನ್ನು ಮಗ ವಸೂಲಿ ಮಾಡಲಾರ. ಊರಿನ ನೆನಪೂ ಅಂಥದೇ.

ಗಡಿ 1956ರಲ್ಲಿ ಗಟ್ಟಿಯಾಯಿತು. ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. 2016ರಲ್ಲಿ ತಾಳವಾಡಿ ತಾಲ್ಲೂಕೂ ಆಯಿತು. ಕಚೇರಿ ಬದಲಾದರೂ ಹೊಳೆ ತನ್ನ ದಾರಿ ಬದಲಿಸಲಿಲ್ಲ. ಎರಡು ಭಾಷೆಯವರೂ ಒಂದೇ ಸಂತೆಯಲ್ಲಿ ಕೊಳ್ಳುತ್ತಾರೆ, ಒಂದೇ ತೇರಿನ ಹಗ್ಗ ಎಳೆಯುತ್ತಾರೆ. ದಣಾಯಕನಕೋಟೆ ನೀರಿನಡಿ ಹೋದರೂ ಹೆಸರು ಮುಳುಗಲಿಲ್ಲ. ಗಜಲಹಟ್ಟಿಯ ಹೆಸರೂ ಮುಳುಗದಿರಲಿ. ಮುಂದಿನ ಜಾತ್ರೆಯ ಹೊತ್ತಿಗೆ ಮಕ್ಕಳ ಆ ನೋಟ್ ಪುಸ್ತಕಗಳು ಸ್ವಾಮಿಯ ಮುಂದೆ ಬರಲಿ.

 ಸ್ವಾಮಿಯ ಅನುಗ್ರಹ ಸರ್ವರ ಮೇಲಿರಲಿ. ಮಳೆ ಬೆಳೆ ಚೆನ್ನಾಗಿ ಆಗಲಿ.