ಸಕ್ಕರೆಯ ಹತೋಟಿಯೂ ರಕ್ತದ ಹೆಪ್ಪೂ

 

ಮಧುಮೇಹವೆಂದೊಡನೆ ಜನರು ಸಿಹಿಯನ್ನು ನೆನೆಯುವರು. ರಕ್ತದ ಹೆಪ್ಪನ್ನು ನೆನೆಯುವವರು ವಿರಳ. ಆದರೆ ಮಧುಮೇಹಿಗಳ ಪ್ರಾಣವನ್ನು ಹೆಚ್ಚಾಗಿ ಅಪಹರಿಸುವವು ಹೃದಯಾಘಾತ, ಪಾರ್ಶ್ವವಾಯುಗಳು. ಇವೆರಡಕ್ಕೂ ಬಹುಮಟ್ಟಿಗೆ ಕಾರಣವಾಗುವದು ರಕ್ತನಾಳದೊಳಗೆ ಕಟ್ಟಿದ ಹೆಪ್ಪು.

ರಕ್ತದಲ್ಲಿ ಕೆಂಪು ಕಣ, ಬಿಳಿಯ ಕಣಗಳೊಡನೆ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳೂ ಇರುವವು. ಇವುಗಳ ಕಾರ್ಯವನ್ನು 1882ರಲ್ಲಿ ಇಟಲಿಯ ಬಿಜೋಜೆರೋ ಎಂಬ ಪಂಡಿತನು ವಿವರಿಸಿದನು. ಒಂದು ಘನ ಮಿಲ್ಲಿಮೀಟರು ರಕ್ತದಲ್ಲಿ ಇವು ಸುಮಾರು 1,50,000ದಿಂದ 4,50,000ದ ವರೆಗೆ ಇರುವವು. ಎಲುಬಿನ ಮಜ್ಜೆಯಲ್ಲಿ ಹುಟ್ಟಿ 7ರಿಂದ 10 ದಿನ ಬಾಳುವವು. ಈಳಿಗೆಯಿಂದ ಬೆರಳು ಕೊಯ್ದರೆ, ಕೆರೆಯ ಒಡ್ಡು ಒಡೆದಲ್ಲಿಗೆ ಊರ ಮಂದಿ ಓಡಿಬರುವಂತೆ, ಇವು ಧಾವಿಸಿ ಒಂದಕ್ಕೊಂದು ಅಂಟಿ ರಕ್ತವನ್ನು ತಡೆಯುವವು. ಡೆಂಗೀ ಜ್ವರದಲ್ಲಿ ಇವುಗಳ ಸಂಖ್ಯೆಯು ಕುಗ್ಗುವದನ್ನು ಎಲ್ಲರೂ ಬಲ್ಲರು. ಮಧುಮೇಹದಲ್ಲಿಯಾದರೋ ಸಂಖ್ಯೆಯು ಸಾಮಾನ್ಯವಾಗಿ ಸರಿಯಾಗಿದ್ದು ನಡತೆಯು ಕೆಡುವದು.

ಅದು ಹೇಗೆಂದರೆ: ರಕ್ತದಲ್ಲಿ ಏರಿ ನಿಂತ ಸಕ್ಕರೆಯು ಬಿಲ್ಲೆಗಳ ಹೊರಪೊರೆಯ ಪ್ರೋಟೀನುಗಳಿಗೆ ಅಂಟಿಕೊಂಡು ಪೊರೆಯನ್ನು ಬಿರುಸಾಗಿಸುವದು. ಇನ್ಸುಲಿನ್ನಿಗೆ ಬಿಲ್ಲೆಗಳನ್ನು ಶಾಂತವಾಗಿಡುವ ಗುಣವುಂಟು. ಅದರ ಪ್ರಭಾವವು ಕುಂದಿದಾಗ ಅವು ಸಣ್ಣ ಕಾರಣಕ್ಕೂ ಉದ್ರೇಕಗೊಳ್ಳುವವು. ಗಾತ್ರದಲ್ಲಿ ದೊಡ್ಡವಾದ, ಹೆಚ್ಚು ಚುರುಕಾದ ಬಿಲ್ಲೆಗಳು ಇಂಥವರಲ್ಲಿ ಅನೇಕ ಸಲ ಕಂಡುಬರುವವು. ಮೊದಲೇ ಕೊಬ್ಬು ಕಟ್ಟಿ ಕಿರಿದಾದ ನಾಳದಲ್ಲಿ ಇವು ಗುಂಪುಗೂಡಿದರೆ ಅನರ್ಥವಾಗುವದು.

ಪರಿಹಾರವು ದೂರವಿಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವಣ ಈ ಸತ್ತೂರಿನಲ್ಲಿ 2003ರಿಂದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯವೂ ಆಸ್ಪತ್ರೆಯೂ ನಡೆದಿರುವವು. ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವದು. ಪರೀಕ್ಷೆಯ ಮುನ್ನಾದಿನ ಮಾತ್ರ ಪಥ್ಯ ಮಾಡಿ ಅದನ್ನು ವಂಚಿಸಲು ಬಾರದು. ವಯಸ್ಕರಲ್ಲಿ ಅನೇಕರಿಗೆ ಅದು ಶೇಕಡಾ 7ರೊಳಗಿರುವದು ಲೇಸು. ಅವರವರ ಮಿತಿಯನ್ನು ವೈದ್ಯರೇ ಗೊತ್ತುಮಾಡತಕ್ಕದ್ದು. ಸಕ್ಕರೆಯು ಹತೋಟಿಗೆ ಬಂದಂತೆ ಬಿಲ್ಲೆಗಳ ಉದ್ರೇಕವೂ ತಗ್ಗುವದೆಂದು ಸಂಶೋಧಕರು ಕಂಡಿರುವರು. ಹಳೆಯ ಬಿಲ್ಲೆಗಳು ಹತ್ತೇ ದಿನಗಳಲ್ಲಿ ಅಳಿದು ಹೊಸವು ಹುಟ್ಟುವದರಿಂದ, ತಡವಾಗಿ ಎಚ್ಚತ್ತವನೂ ನಿರಾಶನಾಗಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಸಕ್ಕರೆಯು ಅತಿಯಾಗಿ ಇಳಿದರೂ ಬಿಲ್ಲೆಗಳು ಕೆರಳುವವು. ಆದದ್ದರಿಂದ ಔಷಧ ತೆಗೆದುಕೊಳ್ಳುವವರು ಶಿವರಾತ್ರಿಯ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಎರಡನೆಯದು, ಆಸ್ಪಿರಿನ್ ಮಾತ್ರೆಯು ಬಿಲ್ಲೆಗಳ ಅಂಟನ್ನು ಕಡಮೆಮಾಡುವದು ನಿಜ. ಆದರೆ ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ನೆರೆಯವನು ನುಂಗಿದನೆಂದು ತಾನೂ ನುಂಗುವದು ಅವಿವೇಕ.

ದಾಸೋಹದ ಪಂಕ್ತಿಯಲ್ಲಿ ಮಧುಮೇಹಿಯು ಹೋಳಿಗೆಯ ಒಂದು ಚೂರನ್ನು ಪ್ರಸಾದವೆಂದು ಸ್ವೀಕರಿಸಿ ಕೈ ಅಡ್ಡ ಹಿಡಿದರೆ ಅದು ಅನಾದರವಲ್ಲ. ಬಡಿಸುವವರು ಒತ್ತಾಯ ಮಾಡದಿರುವದೇ ಅವನಿಗೆ ಮಾಡಿದ ಉಪಚಾರ. ಮಿತವಾದ ಊಟ, ನಿತ್ಯದ ನಡಿಗೆ, ತಂಬಾಕಿನ ತ್ಯಾಗ, ತಪ್ಪದ ಔಷಧ - ಈ ನಾಲ್ಕನ್ನು ಪಾಲಿಸುವವನು ತನ್ನ ರಕ್ತವನ್ನು ತಿಳಿಯಾಗಿಯೂ ತನ್ನ ಮನೆಯವರನ್ನು ನಿಶ್ಚಿಂತರಾಗಿಯೂ ಇಡುವನು.