ಬಿಡದವನನ್ನೂ ಕೈಬಿಡಬಾರದು

(ಮಾರ್ಕೆಟ್ ಯಾರ್ಡಿನ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಕೂಟಗಳಲ್ಲಿ ಶರಣರ ವಿಚಾರ, ದಾಸರ ವಿಚಾರ, ನಾಡಿನ ಚರಿತ್ರೆ ಇಂಥವುಗಳ ಮೇಲೆ ಮಾತು ನಡೆಯುವುದು ವಾಡಿಕೆ. ಇಂದು ನಾವು ಎತ್ತಿಕೊಂಡ ವಿಷಯ ಅಷ್ಟು ಹಿತವಾದುದಲ್ಲ. ಅಮಲಿನ ಚಟಕ್ಕೆ ಸಿಕ್ಕವರಿಗೆ ನೆರೆಹೊರೆಯವರು ಮಾಡಬಹುದಾದ ಸೇವೆ ಯಾವುದು ಎಂಬುದೇ ಆ ವಿಷಯ. ಕುಡಿಯಬೇಡಿ, ಸೇದಬೇಡಿ ಎಂದು ಉಪದೇಶಿಸಲು ನಾವು ನಿಂತಿಲ್ಲ. ಆ ಉಪದೇಶವನ್ನು ತಾಯಿಯ ಬಾಯಿಂದಲೋ ಗುರುಗಳ ಬಾಯಿಂದಲೋ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಕೇಳಿಯೂ ಬಿಡಲಾರದೆ ಹೋದವನ ಗತಿ ಏನು? ಬಿಡುವ ದಿನ ಬರುವವರೆಗೆ ಅವನ ಜೀವ ಉಳಿಯಬೇಕಾದರೆ ಯಾರು ಏನು ಮಾಡಬೇಕು? ಇದಿಷ್ಟೇ ಇಂದಿನ ಪ್ರಶ್ನೆ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಗುಲ್ಟೇಕಡಿಯ ಈ ಪೇಟೆ ಊರು ಮಲಗಿದಾಗ ಎಚ್ಚರವಾಗುತ್ತದೆ. ಉಳ್ಳಾಗಡ್ಡಿ, ಬಟಾಟೆ, ಕಾಯಿಪಲ್ಲೆ, ಹಣ್ಣು ತುಂಬಿದ ಲಾರಿಗಳು ರಾತ್ರಿಯಲ್ಲಿ ಬರುತ್ತವೆ. ಬೆಳಗಾಗುವುದರೊಳಗೆ ಮಾಲು ಇಳಿಯಬೇಕು. ಕಲಬುರ್ಗಿ, ಬೀದರ, ವಿಜಯಪುರ, ಯಾದಗಿರಿ ಕಡೆಯಿಂದ ಬಂದ ನಮ್ಮವರು ರಾತ್ರಿ ದುಡಿದು, ಹಗಲು ಒಂದೇ ಖೋಲಿಯಲ್ಲಿ ಹಲವರು ಸೇರಿ ಮಲಗುತ್ತಾರೆ. ಬೆನ್ನು ನೋಯುತ್ತದೆ, ಹಗಲು ನಿದ್ದೆ ಹತ್ತುವುದಿಲ್ಲ, ಹೆಂಡಿರು ಮಕ್ಕಳು ಊರಲ್ಲಿ. ಒಬ್ಬ ಸೆರೆಗೆ ಕೈ ಚಾಚುತ್ತಾನೆ, ಇನ್ನೊಬ್ಬ ಗಾಂಜಾಕ್ಕೆ. ಗಾಳಾದಲ್ಲಿ ಕುಳಿತು ಲೆಕ್ಕ ಬರೆಯುವ ಕಾರಕೂನನು ತಾನು ಇವರಿಗಿಂತ ಬೇರೆ ಎಂದು ತಿಳಿಯಬೇಕಾಗಿಲ್ಲ. ಚೀಟಿಯಿಲ್ಲದೆ ತಂದ ನಿದ್ರೆಗುಳಿಗೆ, ಕೆಮ್ಮಿನ ಔಷಧದ ಸೀಸೆ ಇವೂ ಅಮಲೇ. ಇವುಗಳ ಆಚೆ ಬ್ರೌನ್ ಶುಗರ್ ಇದೆ. ಪುಣೆಯ ಜನ ಅದನ್ನು ಗರ್ದ ಎನ್ನುತ್ತಾರೆ. ಅದನ್ನು ಸೇದುವವರಿದ್ದಾರೆ, ಸೂಜಿಯಿಂದ ಅಮಲಿನ ಔಷಧವನ್ನು ನರಕ್ಕೆ ಏರಿಸಿಕೊಳ್ಳುವವರೂ ಇದ್ದಾರೆ.

ದೇಶದ ಲೆಕ್ಕವನ್ನು ನೋಡೋಣ. ಕೇಂದ್ರ ಸರ್ಕಾರವು ದೆಹಲಿಯ ಏಮ್ಸ್ ಸಂಸ್ಥೆಯಿಂದ ಮಾಡಿಸಿ ೨೦೧೯ರಲ್ಲಿ ಪ್ರಕಟಿಸಿದ ವರದಿಯಂತೆ, ಮದ್ಯದ ಚಟದಿಂದ ನರಳಿ ನೆರವು ಬೇಕಾದವರು ಸುಮಾರು ೫.೭ ಕೋಟಿ, ಅಫೀಮು ಮೂಲದ ಪದಾರ್ಥಗಳಿಂದ ನರಳುವವರು ಸುಮಾರು ೭೭ ಲಕ್ಷ, ಸೂಜಿಯಿಂದ ಅಮಲು ಏರಿಸಿಕೊಳ್ಳುವವರು ಸುಮಾರು ೮.೫ ಲಕ್ಷ. ಮದ್ಯಕ್ಕೆ ದಾಸರಾದವರಲ್ಲಿ ೩೮ ಮಂದಿಗೆ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ ೩೭ ಮಂದಿಗೆ ದೊರೆತದ್ದು ಬೈಗುಳ, ಇಲ್ಲವೆ ಉಪದೇಶ.

ಈ ಮೂವತ್ತೇಳು ಮಂದಿಗಾಗಿ ಹುಟ್ಟಿದ ವಿಚಾರವನ್ನೇ ಹಾನಿ ತಗ್ಗಿಸುವ ಸೇವೆ ಎನ್ನುತ್ತಾರೆ. ಹೆಸರು ಹೊಸದು, ಯಾರ್ಡಿನಲ್ಲಿ ಚೀಲ ಹೊರುವವರಿಗೆ ವಿಚಾರ ಹೊಸದಲ್ಲ. ನೂರು ಕಿಲೋ ಚೀಲದ ಕೆಳಗೆ ಬೆನ್ನು ಮುರಿಯುತ್ತಿದ್ದಾಗ ಹಮಾಲರು ಹೊರೆ ಹೊರುವುದನ್ನೇ ಬಿಡುತ್ತೇವೆ ಎನ್ನಲಿಲ್ಲ. ಬಿಟ್ಟರೆ ಹೊಟ್ಟೆಗೇನು? ಚೀಲದ ತೂಕ ಐವತ್ತು ಕಿಲೋ ಮೀರಬಾರದು ಎಂದರು. ಡಾ. ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತ್ ಪುಣೆಯ ಹಮಾಲರನ್ನು ಒಗ್ಗೂಡಿಸಿತು. ೧೯೬೯ರಲ್ಲಿ ಮಹಾರಾಷ್ಟ್ರದ ಮಾಥಾಡಿ ಕಾಯಿದೆ ಬಂತು. ೧೯೭೪ರಲ್ಲಿ ಪಂಚಾಯತ್ ‘ಕಷ್ಟಾಚಿ ಭಾಕರ್’ ಎಂಬ ಅಗ್ಗದ ಊಟದ ಏರ್ಪಾಡು ಮಾಡಿತು. ಹೊರೆ ಇದ್ದೇ ಇತ್ತು, ಹೊರುವವನ ಪಾಡು ಮಾತ್ರ ಅಷ್ಟಷ್ಟಾಗಿ ಸುಧಾರಿಸಿತು. ಅಮಲಿನ ವಿಷಯದಲ್ಲೂ ಕ್ರಮ ಇದೇ. ಪೂರ್ತಿ ಇಳಿಸಲಾಗದ ಹೊರೆಯನ್ನು ಮೊದಲು ಹಗುರ ಮಾಡಬೇಕು.

ಈ ಸೇವೆ ನಡೆದುಬಂದ ದಾರಿಯನ್ನು ಸ್ವಲ್ಪ ಹೇಳಬೇಕು. ೧೯೮೪ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಚಟಕ್ಕೆ ಸಿಕ್ಕವರ ಸಂಘವೇ ಮುಂದೆ ಬಂದು, ಕಾಮಾಲೆ ರೋಗ ಹರಡದಂತೆ ಹಳೆಯ ಸೂಜಿ ಪಡೆದು ಹೊಸದು ಕೊಡುವ ಏರ್ಪಾಡನ್ನು ನಗರದ ಆರೋಗ್ಯ ಇಲಾಖೆಯೊಡನೆ ಆರಂಭಿಸಿತು. ಅದೇ ದಶಕದಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಇದಕ್ಕೆ ವಿರುದ್ಧವಾದ ಮಾರ್ಗ ಹಿಡಿದರು. ಸೂಜಿ ಸಿಗದಂತೆ ಬಿಗಿ ಮಾಡಿದರೆ ಚಟ ನಿಲ್ಲುವುದೆಂದು ಎಣಿಸಿದರು. ಚಟ ನಿಲ್ಲಲಿಲ್ಲ, ಒಂದೇ ಸೂಜಿ ಹತ್ತು ಕೈ ತಿರುಗಿತು, ಪರೀಕ್ಷಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಎಚ್.ಐ.ವಿ. ಸೋಂಕು ತಗಲಿತ್ತು.

ನಮ್ಮ ದೇಶದಲ್ಲಿಯೂ ೧೯೮೯-೯೦ರಲ್ಲಿ ಮಣಿಪುರದಲ್ಲಿ ಇಂಥದೇ ಅನಾಹುತವಾಯಿತು. ಕೆಲವೇ ತಿಂಗಳುಗಳಲ್ಲಿ ಸೂಜಿ ಬಳಸುವವರಲ್ಲಿ ಅರ್ಧದಷ್ಟು ಜನರಲ್ಲಿ ಸೋಂಕು ಕಂಡಿತು. ಅವರ ಮೂಲಕ ಮನೆಯ ಹೆಂಗಸರಿಗೂ ಕೂಸುಗಳಿಗೂ ಅದು ಹಬ್ಬಿತು. ಆ ರಾಜ್ಯ ಎಚ್ಚೆತ್ತು ೧೯೯೬ರಲ್ಲಿ ಹಾನಿ ತಗ್ಗಿಸುವುದನ್ನೇ ತನ್ನ ನೀತಿಯಾಗಿ ಒಪ್ಪಿತು. ಮುಂಬಯಿಯಲ್ಲಿ ಸಂಕಲ್ಪ್ ಎಂಬ ಸಂಸ್ಥೆ ಬೀದಿಬದಿಯ ಚಟಗ್ರಸ್ತರ ನಡುವೆ ಈ ಕೆಲಸ ಮಾಡಿಕೊಂಡು ಬಂದಿದೆ. ಕೇಂದ್ರದ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೂಜಿ ಬದಲಿಸಿ ಕೊಡುವುದನ್ನು ತನ್ನ ಕಾರ್ಯಕ್ರಮದಲ್ಲಿ ಸೇರಿಸಿಕೊಂಡಿದೆ. ಆದರೂ ಕೆಲಸ ಮುಗಿದಿಲ್ಲ. ೨೦೨೧ರ ಸರ್ಕಾರಿ ತಪಾಸಣೆಯಲ್ಲಿ ಸೂಜಿ ಬಳಸುವ ನೂರರಲ್ಲಿ ಸುಮಾರು ೯ ಮಂದಿಗೆ ಸೋಂಕಿತ್ತು. ದೇಶದ ಒಟ್ಟು ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ೨ ಮಂದಿಗೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸೂಜಿ ಕೊಡುವುದೆಂದರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ? ಈ ಆಕ್ಷೇಪ ಸಹಜವಾದುದೇ. ಆದರೆ ಸೂಜಿಯಿಲ್ಲವೆಂದು ಯಾರೂ ಚಟ ಬಿಟ್ಟಿಲ್ಲ, ಪಕ್ಕದವನ ಸೂಜಿ ಎತ್ತಿಕೊಂಡಿದ್ದಾರೆ. ಸೂಜಿಗಾಗಿ ಬಂದವನು ಕೆಲಸಗಾರನೊಡನೆ ಎರಡು ಮಾತು ಆಡುತ್ತಾನೆ, ಹುಣ್ಣಿಗೆ ಮುಲಾಮು ಕೇಳುತ್ತಾನೆ, ರಕ್ತ ತೋರಿಸುತ್ತಾನೆ. ಒಂದು ದಿನ ‘ಬಿಡಬೇಕೆಂದಿದ್ದೇನೆ’ ಎನ್ನುತ್ತಾನೆ. ಆ ಮಾತು ಹೊರಬೀಳಬೇಕಾದರೆ ಅದನ್ನು ಕೇಳಲು ಯಾರಾದರೂ ಅಲ್ಲಿ ಇರಬೇಕು.

ಗರ್ದದ ಚಟದವರಿಗೆ ಬುಪ್ರೆನಾರ್ಫಿನ್ ಎಂಬ ಗುಳಿಗೆಯನ್ನು ನಾಲಗೆಯಡಿ ಇಟ್ಟುಕೊಳ್ಳಲು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಒಂದು ಅಮಲು ಬಿಡಿಸಿ ಇನ್ನೊಂದು ಹಿಡಿಸಿದಂತೆ ಎಂದು ಕೆಲವರು ಹೀಗಳೆಯುವುದುಂಟು. ಗರ್ದದ ಅಮಲು ಕೆಲವು ತಾಸಿನಲ್ಲಿ ಇಳಿದು ಮೈಯೆಲ್ಲ ಮುರಿದಂತಾಗುತ್ತದೆ. ಆಗ ಅವನು ಸಾಲ ಮಾಡಿಯೋ ಕದ್ದೋ ಮತ್ತೆ ಓಡುತ್ತಾನೆ. ಈ ಗುಳಿಗೆಯ ಗುಣ ದಿನವಿಡೀ ನಿಲ್ಲುವುದರಿಂದ ಓಟ ನಿಲ್ಲುತ್ತದೆ. ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಮನೆಗೆ ಹಣ ಕಳಿಸುತ್ತಾನೆ. ೨೦೦೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದು ಮಾತ್ರ ವೈದ್ಯರ ಕಣ್ಣೆದುರು ತೆಗೆದುಕೊಳ್ಳತಕ್ಕ ಔಷಧ. ಕದ್ದುಮುಚ್ಚಿ ಕೊಂಡು ಸೇವಿಸತಕ್ಕದ್ದಲ್ಲ.

ಪೂರ್ತಿ ಬಿಡಬೇಕೆನ್ನುವವರಿಗೆ ನಮ್ಮ ಪುಣೆಯಲ್ಲಿಯೇ ದೊಡ್ಡ ಆಸರೆಯಿದೆ. ಗರ್ದದ ಹಾವಳಿಯ ಕಾಲದಲ್ಲಿ ಮರಾಠಿ ಲೇಖಕ ಅನಿಲ ಅವಚಟರು ಅದರ ಮೇಲೆ ಬರೆದರು. ಅವರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟರು ಚಿಕಿತ್ಸೆಯ ಭಾರ ಹೊತ್ತರು, ಪು. ಲ. ದೇಶಪಾಂಡೆ ದಂಪತಿಗಳು ಹಣದ ನೆರವಿತ್ತರು. ಹೀಗೆ ೧೯೮೬ರಲ್ಲಿ ಯೇರವಡಾದಲ್ಲಿ ಮುಕ್ತಾಂಗಣ ಹುಟ್ಟಿತು. ಅಲ್ಲಿ ಹೇಳುವುದು ಪೂರ್ಣ ವರ್ಜನವನ್ನು. ಹಾನಿ ತಗ್ಗಿಸುವ ಸೇವೆಗೂ ಅದಕ್ಕೂ ವೈರವಿಲ್ಲ. ಒಂದು ದಂಡೆಯಾದರೆ ಇನ್ನೊಂದು ದೋಣಿ. ದಂಡೆ ಕಾಣುವವರೆಗೆ ದೋಣಿ ಮುಳುಗಬಾರದು.

ಈಗ ಸೆರೆಯ ಮಾತು. ನಮ್ಮವರಲ್ಲಿ ಹೆಚ್ಚು ಜನರನ್ನು ಕಾಡುವುದು ಅದೇ. ವರ್ಷಗಟ್ಟಲೆ ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈ ನಡುಗುತ್ತದೆ, ಬೆವರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಸುಮಾರಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ಇದರಿಂದ ಸಾವೂ ಬರಬಹುದು. ೨೦೨೦ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ಅಂಗಡಿಗಳು ಒಮ್ಮೆಲೇ ಮುಚ್ಚಿದಾಗ ಕೇರಳ, ಕರ್ನಾಟಕಗಳಲ್ಲಿ ಇಂಥವರ ಪಾಡು ಏನಾಯಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕಲಬೆರಕೆ ಹೆಂಡ ಕುಡಿದು ರೂಢಿಯಾದ ರಾಯಚೂರು ಕಡೆಯವರಿಗೂ ಇದೇ ಅಪಾಯವುಂಟು. ಅದರಲ್ಲಿ ಬೆರೆಸುವ ನಿದ್ರೆಯ ಮದ್ದು ತಪ್ಪಿದರೆ ಫಿಟ್ಸ್ ಬರುತ್ತದೆ. ಆದುದರಿಂದ ಚಟದವನನ್ನು ಖೋಲಿಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ. ನಡುಕ ಕಂಡೊಡನೆ ಸಸೂನ್ ದವಾಖಾನೆಗೋ ಬೇರೆ ದವಾಖಾನೆಗೋ ಕರೆದೊಯ್ಯಬೇಕು. ಗುಳಿಗೆ ಕೊಟ್ಟು ಹಂತಹಂತವಾಗಿ ಇಳಿಸುವ ಚಿಕಿತ್ಸೆ ವೈದ್ಯರಲ್ಲಿದೆ.

ಇನ್ನೂ ಕುಡಿಯುತ್ತಿರುವವನಿಗೆ ಹೇಳತಕ್ಕ ಮಾತುಗಳೂ ಇವೆ. ಬರಿ ಹೊಟ್ಟೆಯಲ್ಲಿ ಕುಡಿಯಬಾರದು. ಕುಡಿದು ಲಾರಿಯ ಮೇಲೆ ಹತ್ತಬಾರದು. ನಿದ್ರೆಗುಳಿಗೆಯೊಡನೆ ಸೇರಿಸಲೇಬಾರದು. ಗುರುತಿಲ್ಲದ ಕಳ್ಳ ಸೆರೆಯನ್ನು ಮುಟ್ಟಬಾರದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ, ೨೦೧೫ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಬಡವರು ವಿಷ ಬೆರೆತ ಸೆರೆ ಕುಡಿದು ಸತ್ತರು. ಕುಡಿದ ಮೇಲೆ ಕಣ್ಣು ಮಂಜಾದರೆ ಅಮಲೆಂದು ಸುಮ್ಮನಿರಬಾರದು; ಅದು ವಿಷದ ಲಕ್ಷಣ.

ಗರ್ದದ ವಿಷಯದಲ್ಲಿ ಊರಿಗೆ ಹೋಗಿಬರುವ ನಮಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಎರಡು ತಿಂಗಳು ಊರಲ್ಲೋ ದವಾಖಾನೆಯಲ್ಲೋ ಸೆರೆಮನೆಯಲ್ಲೋ ಇದ್ದು ಬಂದವನ ದೇಹಕ್ಕೆ ಹಳೆಯ ರೂಢಿ ತಪ್ಪಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೆ ಅದೇ ಕೊನೆಯಾಗಬಹುದು. ಕರೆದರೆ ಏಳುವುದಿಲ್ಲ, ಉಸಿರು ನಿಧಾನ, ತುಟಿ ನೀಲಿ, ಕಣ್ಣಿನ ಪಾಪೆ ಚುಕ್ಕೆಯಷ್ಟು. ಇವು ಅಪಾಯದ ಗುರುತು. ಮಲಗಿದ್ದಾನೆಂದು ಬಿಟ್ಟುಹೋಗಬಾರದು. ೧೦೮ಕ್ಕೆ ಕರೆಮಾಡಬೇಕು, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು, ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ದವಾಖಾನೆಯಲ್ಲಿ ನಾಲಾಕ್ಸೋನ್ ಎಂಬ ಔಷಧವಿದೆ. ಅದು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಏನು ತೆಗೆದುಕೊಂಡಿದ್ದನೆಂಬುದನ್ನು ವೈದ್ಯರಿಗೆ ಮುಚ್ಚಿಡಬಾರದು.

ಪೋಲೀಸರ ಭಯದಿಂದ ಬಾಯಿ ಬಿಡದವರು ಬಹಳ. ಅಮಲಿನ ಪದಾರ್ಥ ಸೇವಿಸುವುದು ೧೯೮೫ರ ಕಾಯಿದೆಯಂತೆ ಅಪರಾಧವೆಂಬುದು ನಿಜ. ಆದರೆ ಚಟಗ್ರಸ್ತನು ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆಯ ಮತ್ತು ಅಲ್ಪ ಪ್ರಮಾಣದ ಅಪರಾಧಗಳಿಗೆ ರಕ್ಷಣೆ ಕೊಡುವ ಕಲಮು ಅದೇ ಕಾಯಿದೆಯಲ್ಲಿದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕೆಂಬುದು ಅದರ ಷರತ್ತು. ಸೋಂಕು ತಡೆಯಲು ಸೂಜಿ ಕೊಡುವಂಥ ಸೇವೆಯನ್ನು ಅಪರಾಧವೆಂದು ಎಣಿಸಬಾರದೆಂದು ೨೦೧೭ರ ಎಚ್.ಐ.ವಿ. ಕಾಯಿದೆ ಹೇಳುತ್ತದೆ. ಅಮಲನ್ನು ಮಾರುವವರನ್ನು ಹಿಡಿಯುವುದು ಪೋಲೀಸರ ಕೆಲಸ. ಮಾರಾಟಕ್ಕೆ ಬಲಿಯಾದವನನ್ನು ಹಿಡಿದುಕೊಳ್ಳುವುದು ನಮ್ಮ ಕೆಲಸ.

ಇನ್ನು ನಮ್ಮಂಥ ಸಂಘ ಮಾಡಬಹುದಾದುದನ್ನು ಹೇಳಿ ಮುಗಿಸುತ್ತೇವೆ. ಮೊದಲನೆಯದು ಭಾಷೆಯ ಸೇವೆ. ದವಾಖಾನೆಯ ಕಿಟಕಿಯ ಮುಂದೆ ಮರಾಠಿ ಬಾರದ ಹಮಾಲ ಎಷ್ಟು ಕುಡಿಯುತ್ತಾನೆ, ಎಂದು ನಿಲ್ಲಿಸಿದ ಎಂಬುದನ್ನು ಹೇಳಲಾರದೆ ಹಿಂದಿರುಗುತ್ತಾನೆ. ಮರಾಠಿ, ಇಂಗ್ಲಿಷು ಬಲ್ಲ ಕಾರಕೂನರು ವಾರಕ್ಕೊಬ್ಬರಂತೆ ಜೊತೆಗೆ ಹೋಗಿ, ಚೀಟಿ ಓದಿ, ಗುಳಿಗೆಯ ಹೊತ್ತನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ನಾಡಸೇವೆ ಬೇರೆ ಇಲ್ಲ. ಎರಡನೆಯದು, ಈ ಗೋಡೆಯ ಮೇಲೆ ಒಂದು ಫಲಕ. ಚಟ ಬಿಡಲು ನೆರವಿಗೆ ೧೪೪೪೬, ಎಚ್.ಐ.ವಿ. ವಿಚಾರಕ್ಕೆ ೧೦೯೭, ಮನಸ್ಸಿನ ತೊಂದರೆಗೆ ಕನ್ನಡದಲ್ಲಿಯೂ ಮಾತಾಡುವ ೧೪೪೧೬. ಕರೆಗೆ ಕಾಸು ಬೇಡ. ಮೂರನೆಯದು, ಪಗಾರದ ದಿನ. ಒಪ್ಪಿದವನ ಹಣವನ್ನು ಸಂಜೆಯಾಗುವ ಮೊದಲೇ ಊರಿಗೆ ಕಳಿಸಲು ಒಬ್ಬರು ಜೊತೆ ನಿಂತರೆ ಒಂದು ಮನೆಯ ಒಲೆ ಉರಿಯುತ್ತದೆ. ನಾಲ್ಕನೆಯದು, ಗುಟ್ಟು. ಇಲ್ಲಿ ಬಂದು ಹೇಳಿಕೊಂಡವನ ಮಾತು ಗಾಳಾದ ಶೇಠಜಿಯ ಕಿವಿಗೂ ಊರಿನ ಕಟ್ಟೆಗೂ ಮುಟ್ಟಬಾರದು. ಒಂದು ಸಲ ಮುಟ್ಟಿದರೆ ಎರಡನೆಯವನು ಬಾರನು.

ಕೈಬಿಡಬಾರದೆಂದರೆ ಅವನ ಹೊಡೆತ ಬಡಿತಗಳನ್ನು ಮನೆಯವರು ಸಹಿಸಬೇಕೆಂದು ಅರ್ಥವಲ್ಲ. ಹೆಂಡತಿಗೆ, ಮಕ್ಕಳಿಗೆ ಮೊದಲು ರಕ್ಷಣೆ. ಹೆಂಗಸರ ನೆರವಿಗೆ ೧೮೧ ಇದೆ. ಅವರನ್ನು ಕಾಪಾಡುವುದೂ ಹಾನಿ ತಗ್ಗಿಸುವ ಕೆಲಸವೇ.

ಬದುಕಿದರೆ ಬೇಡಿ ತಿಂದೇನು ಎಂಬುದು ನಮ್ಮ ಹಿರಿಯರ ಗಾದೆ. ಮೊದಲು ಬದುಕು, ಉಳಿದುದೆಲ್ಲ ಆಮೇಲೆ. ಇಂದು ಬಿಡದವನು ನಾಳೆ ಬಿಟ್ಟಾನು; ನಾಳೆಗೆ ಅವನು ಇರಬೇಕು. ಫಲಕ ಬರೆಯಲು ಅಕ್ಷರ ಚೆನ್ನಾಗಿರುವವರೂ, ದವಾಖಾನೆಗೆ ಜೊತೆ ಹೋಗಲು ಬಿಡುವಿರುವವರೂ ಕೂಟ ಮುಗಿದ ಮೇಲೆ ಮೇಜಿನ ಬಳಿ ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.