ವೀಕೆಂಡ್‌ನಲ್ಲಿ ಕೌನ್ಸೆಲಿಂಗ್ ಕಲಿಯೋದು ಅಂದ್ರೆ ಏನು?

ಇವತ್ತು ನಾನು ಮಾತಾಡ್ತಿರೋದು ಕೆಲಸ ಮಾಡ್ಕೊಂಡೇ ಕೌನ್ಸೆಲಿಂಗ್ ಕಲಿಯೋದರ ಬಗ್ಗೆ. ಕನ್ನಡದಲ್ಲಿ ಇದಕ್ಕೆ ಆಪ್ತಸಮಾಲೋಚನೆ ಅನ್ನೋ ಚೆಂದದ ಪದ ಇದೆ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಡಿಪ್ಲೊಮಾ ಕ್ಲಾಸ್. ಹತ್ತು ತಿಂಗಳಾಯ್ತು. "ನಾನೂ ಸೇರಬೇಕು ಅಂತಿದೀನಿ, ಹೇಗಿರುತ್ತೆ?" ಅಂತ ಕೇಳೋ ಸ್ನೇಹಿತರು ಜಾಸ್ತಿ ಆಗಿದ್ದಾರೆ. ಅವರಿಗೆಲ್ಲ ಒಟ್ಟಿಗೆ ಉತ್ತರ ಕೊಡ್ತೀನಿ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದ ಡಾಕ್ಟರು. ಅವರು ಮಾತ್ರೆ ಬರೆದುಕೊಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐ ಮಾನ್ಯ ಮಾಡಿದ ಕೋರ್ಸ್ ಓದಿ ಅಲ್ಲಿ ನೋಂದಣಿ ಮಾಡಿಸಬೇಕು. ನಾನು ಓದ್ತಿರೋ ಡಿಪ್ಲೊಮಾದಿಂದ ಈ ಎರಡೂ ಆಗಲ್ಲ. ಕಾಯಿಲೆ ಇಂಥದ್ದೇ ಅಂತ ಹೇಳೋ ಅಧಿಕಾರ ನನಗಿರಲ್ಲ. ಒಬ್ಬರ ಮಾತನ್ನು ಗಮನ ಇಟ್ಟು ಕೇಳಿ, ಅವರ ದಾರಿ ಅವರೇ ಹುಡುಕಿಕೊಳ್ಳೋಕೆ ಜೊತೆಗಿರೋದು, ನನ್ನ ಕೈಮೀರಿದ್ದು ಅನಿಸಿದಾಗ ಸರಿಯಾದ ಕಡೆ ಕಳಿಸೋದು, ಇಷ್ಟು ನನ್ನ ಕೆಲಸ.

ಹಾಗಾದ್ರೆ ಕ್ಲಾಸಲ್ಲಿ ಏನು ಮಾಡ್ತೀವಿ? ಥಿಯರಿ ಇದೆ. ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಪ್ರಸಿದ್ಧ ಲೇಖನದ ಬಗ್ಗೆ ಓದ್ತೀವಿ. ಎದುರಿಗಿರೋರ ನೋವನ್ನು ಅವರ ಜಾಗದಿಂದ ಅರ್ಥ ಮಾಡ್ಕೊಳ್ಳೋದು, ಷರತ್ತಿಲ್ಲದೆ ಗೌರವಿಸೋದು, ನಾಟಕ ಆಡದೆ ಇರೋದು, ಈ ಮೂರು ಗುಣ ಅದರಲ್ಲಿ ಬರುತ್ತೆ. ಓದೋಕೆ ಹತ್ತು ನಿಮಿಷ ಸಾಕು. ರೂಢಿ ಮಾಡ್ಕೊಳ್ಳೋಕೆ ಮಾತ್ರ ವರ್ಷ ಹಿಡಿಯುತ್ತೆ.

ಅದಕ್ಕೇ ಪ್ರಾಕ್ಟಿಕಲ್. ಮೂರು ಮೂರು ಜನ ಕೂತ್ಕೋತೀವಿ. ಒಬ್ಬರು ಕೌನ್ಸೆಲರ್, ಒಬ್ಬರು ಕಷ್ಟ ಹೇಳೋರು, ಇನ್ನೊಬ್ಬರು ಸುಮ್ಮನೆ ನೋಡಿ ಬರ್ಕೊಳ್ಳೋರು. ಇಪ್ಪತ್ತು ನಿಮಿಷ. ಎದುರಿಗಿರೋರು "ಅಪ್ಪ ನನ್ನ ಜೊತೆ ಮಾತೇ ಆಡ್ತಿಲ್ಲ" ಅಂದ್ರೆ, ನಮ್ಮ ಬಾಯಿಗೆ ತಕ್ಷಣ ಬರೋದು "ದೊಡ್ಡವರಲ್ವಾ, ನೀವೇ ಹೋಗಿ ಮಾತಾಡಿಸಿ". ಅಲ್ಲಿಗೆ ಮಾತು ನಿಂತುಹೋಗುತ್ತೆ. ಅದರ ಬದಲು "ಒಂದೇ ಮನೇಲಿದ್ದು ಮಾತಿಲ್ಲದೆ ಇರೋದು ತುಂಬ ಭಾರ ಅನ್ನಿಸ್ತಿದೆ, ಅಲ್ವಾ?" ಅಂದ್ರೆ ಅವರು ಮುಂದೆ ಹೇಳ್ತಾರೆ. ನಮ್ಮೂರುಗಳಲ್ಲಿ ಕಷ್ಟ ಅಂತ ಬಂದೋರಿಗೆ ಬುದ್ಧಿ ಹೇಳೋದೇ ಪ್ರೀತಿ. ಆ ಅಭ್ಯಾಸ ಬಿಡೋದು ಎಷ್ಟು ಕಷ್ಟ ಅಂತ ಅಲ್ಲಿ ಕೂತಾಗಲೇ ಗೊತ್ತಾಗೋದು.

ಇನ್ನೊಂದು ಸವಾಲು ಭಾಷೆ. ನಮ್ಮ ನೋಟ್ಸೆಲ್ಲ ಇಂಗ್ಲಿಷಲ್ಲಿದೆ. ಬರೋ ಜನ ಮಾತಾಡೋದು ಕನ್ನಡದಲ್ಲಿ. "ಬೇಜಾರು" ಅನ್ನೋ ಒಂದೇ ಪದ ತಗೊಳ್ಳಿ. ಹೊತ್ತು ಹೋಗ್ತಿಲ್ಲ ಅಂದ್ರೂ ಬೇಜಾರು, ಯಾರೋ ಬೈದ್ರೂ ಬೇಜಾರು, ಹತ್ತಿರದವರು ತೀರಿಹೋದ್ರೂ ಬೇಜಾರು, ಬದುಕೇ ಸಾಕಾಗಿದೆ ಅಂದ್ರೂ ಬೇಜಾರು. ಯಾವ ಬೇಜಾರು ಅಂತ ನಿಧಾನವಾಗಿ ಬಿಡಿಸಿ ಕೇಳದೆ ಇದ್ರೆ ನಮಗೆ ಏನೂ ಅರ್ಥ ಆಗಿರಲ್ಲ. ಸಂಕಟ, ಎದೆ ಭಾರ, ತಲೆ ಕೆಟ್ಟೋಗಿದೆ, ಹೀಗೆ ಜನ ಬಳಸೋ ಮಾತುಗಳನ್ನ ನಾನೊಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ತೀನಿ.

ಒಂದು ಘಟನೆ ಹೇಳ್ತೀನಿ. ಅವರಿಬ್ಬರ ಒಪ್ಪಿಗೆ ಪಡೆದು, ವಿವರ ಬದಲಿಸಿ ಹೇಳ್ತಿದೀನಿ. ಪರಿಚಯದ ಆಂಟಿಯೊಬ್ಬರು ಬಂದು "ನೀನು ಓದ್ತಿದೀಯಲ್ಲಮ್ಮ, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳು. ಪಿಯುಸಿ ರಿಸಲ್ಟ್ ಬಂದಾಗಿಂದ ರೂಮಿಂದ ಆಚೆ ಬರ್ತಿಲ್ಲ" ಅಂದ್ರು. ನೆಂಟರಿಗೆ, ನೆರೆಯವರಿಗೆ ನಾವು ಕೌನ್ಸೆಲಿಂಗ್ ಮಾಡೋ ಹಾಗಿಲ್ಲ. ನಾಳೆ ಮೆಟ್ಟಿಲ ಮೇಲೆ ಸಿಗೋ ಅಕ್ಕನ ಹತ್ರ ಆ ಹುಡುಗ ಮನಸ್ಸು ಬಿಚ್ಚಿ ಹೇಗೆ ಮಾತಾಡ್ತಾನೆ? ಆದ್ರೆ ಆಗಲ್ಲ ಅಂತ ಹೇಳೋಕೆ ಮೊದಲು ಒಂದು ಪ್ರಶ್ನೆ ಕೇಳಿದೆ: "ಸಾಯಬೇಕು ಅನ್ನೋ ಥರ ಏನಾದ್ರೂ ಮಾತಾಡಿದಾನಾ ಆಂಟಿ?"

ಹೀಗೆ ನೇರವಾಗಿ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ತುಂಬ ಜನ ಹೆದರ್ತಾರೆ. ಹಾಗೆ ಆಗಲ್ಲ. ಕೇಳಿದ್ರೆ ಹೇಳಿಕೊಳ್ಳೋಕೆ ಬಾಗಿಲು ತೆರೆಯುತ್ತೆ. ಆಂಟಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಮೊನ್ನೆ ಒಂದ್ಸಲ ಅಂದ" ಅಂದ್ರು. ಅವನನ್ನ ಒಬ್ಬನೇ ಬಿಡಬೇಡಿ ಅಂತ ಹೇಳಿ, ಇಬ್ಬರೂ ಕೂತು ಟೆಲಿ ಮಾನಸ್‌ಗೆ ಫೋನ್ ಮಾಡಿದ್ವಿ. ಅವರು ಹೇಳಿದ ಹಾಗೆ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಈಗ ಅವನು ಮನೋವೈದ್ಯರ ಹತ್ರ ಹೋಗ್ತಿದಾನೆ. ಅಲ್ಲಿ ಏನು ಮಾತಾಡ್ತಾನೆ ಅಂತ ನಾನು ಕೇಳಲ್ಲ. ಆಂಟಿಗೂ ಕೇಳಬೇಡಿ ಅಂದಿದೀನಿ.

ಗುಟ್ಟು ಕಾಯೋದಕ್ಕೂ ಒಂದು ಮಿತಿ ಇದೆ. ಅವರ ಜೀವಕ್ಕೆ ಅಪಾಯ, ಬೇರೆಯವರ ಜೀವಕ್ಕೆ ಅಪಾಯ ಅನ್ನೋ ಸಂದರ್ಭದಲ್ಲಿ ಮಾತು ನಮ್ಮಲ್ಲೇ ಉಳಿಯೋಕಾಗಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನೆಲ್ಲ ಮೊದಲ ಭೇಟಿಯಲ್ಲೇ, ಅವರು ಮಾತು ಶುರು ಮಾಡೋಕೆ ಮುಂಚೆ ಹೇಳಬೇಕು ಅಂತ ನಮಗೆ ಕಲಿಸ್ತಾರೆ.

ಸೇರಬೇಕು ಅನ್ನೋರು ಫೀಸ್ ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಪ್ರಾಕ್ಟಿಕಲ್ ಎಷ್ಟು ಗಂಟೆ? ಆ ಗಂಟೆಗಳಲ್ಲಿ ಅನುಭವಸ್ಥರು ಯಾರಾದ್ರೂ ಪಕ್ಕದಲ್ಲಿದ್ದು ತಿದ್ದುತ್ತಾರಾ? ಸರ್ಟಿಫಿಕೇಟ್ ಕೊಡೋದು ವಿಶ್ವವಿದ್ಯಾಲಯವಾ, ಸಂಸ್ಥೆಯೇನಾ? ಅದನ್ನ ತೋರಿಸಿದ್ರೆ ಎಲ್ಲಿ ಕೆಲಸ ಸಿಗುತ್ತೆ? ಎರಡು ದಿನ ವಿಡಿಯೋ ನೋಡಿದ್ರೆ ಸೈಕಾಲಜಿಸ್ಟ್ ಆಗ್ತೀರಾ ಅನ್ನೋ ಜಾಹೀರಾತು ಕಂಡ್ರೆ ಸ್ಕ್ರೋಲ್ ಮಾಡಿ ಮುಂದೆ ಹೋಗಿ. ದೂರಶಿಕ್ಷಣ ಬೇಕು ಅನ್ನೋರು ಪ್ರವೇಶದ ವಿವರ ವಿಶ್ವವಿದ್ಯಾಲಯದ ವೆಬ್‌ಸೈಟಲ್ಲೇ ಪರಿಶೀಲಿಸಿ.

ಸುಸ್ತಂತೂ ಆಗುತ್ತೆ, ಸುಳ್ಳು ಹೇಳಲ್ಲ. ಭಾನುವಾರದ ಸಿನಿಮಾ, ಮದುವೆ, ಊರಿಗೆ ಹೋಗೋದು ಎಲ್ಲ ಕಮ್ಮಿ ಆಗಿದೆ. ಬೇರೆಯವರ ನೋವು ಕೇಳಿ ಬಂದು ಸೋಮವಾರ ಬೆಳಿಗ್ಗೆ ಜಿಎಸ್‌ಟಿ ಫೈಲ್ ತೆಗೆಯೋದು ಸುಲಭ ಅಲ್ಲ. ಅದಕ್ಕೇ ನಾನೂ ತಿಂಗಳಿಗೊಮ್ಮೆ ಒಬ್ಬ ಕೌನ್ಸೆಲರ್ ಹತ್ರ ಹೋಗ್ತೀನಿ. ಆ ಖರ್ಚನ್ನೂ ಫೀಸ್ ಜೊತೆ ಲೆಕ್ಕಕ್ಕೆ ಹಿಡ್ಕೊಳ್ಳಿ.

ಕೊನೆಯದಾಗಿ, ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್‌ನಿಂದ ನಡೀತಿರೋ ಸರ್ಕಾರದ ಉಚಿತ ಸಹಾಯವಾಣಿ ಇದು. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕೋರ್ಸ್ ಸೇರ್ತೀರೋ ಬಿಡ್ತೀರೋ, ಈ ನಂಬರ್ ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.